ಹದಿನೈದನೇ ಅಧ್ಯಾಯದ ಶೇಂಗಾ ಅಂಚು

ಚಳ್ಳಕೆರೆ
6 ಜನವರಿ 2025

ಇವರಿಂದ: ಗೋವರ್ಧನ, ಧ್ವನಿವರ್ಧಕ ವಿಭಾಗದ ಏಕಮಾತ್ರ ಅಧಿಕಾರಿ, ಖಾಸಗಿ ಬಸ್ ನಿಲ್ದಾಣ.
ಇವರಿಗೆ: ಕುಮಾರಿ ಸೌಂದರ್ಯ, ಮಗ್ಗದ ಮನೆ, ಮೊಳಕಾಲ್ಮೂರು.
ವಿಷಯ: ಎರಡು ಪುಸ್ತಕಗಳನ್ನು ಕಿವಿಯಿಂದ ಓದುವ ಬಗ್ಗೆ.

ಮಾನ್ಯ ಅಕ್ಕನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಮ್ಮ ಫೋನು ರೇಷ್ಮೆ ನೆನೆಸಿದ ಬೋಗುಣಿಗೆ ಬಿದ್ದು ವೀರಮರಣ ಹೊಂದಿದ ಸುದ್ದಿ ಕೇಳಿ ಈ ಕಚೇರಿಯು ಎರಡು ನಿಮಿಷ ಮೌನ ಆಚರಿಸಿತು. (ಆ ಎರಡು ನಿಮಿಷದಲ್ಲಿ ಹಿರಿಯೂರು ಬಸ್ಸು ಯಾರಿಗೂ ಹೇಳದೆ ಕೇಳದೆ ಹೊರಟುಹೋಯಿತು. ಬೈಸಿಕೊಂಡಿದ್ದು ನಾನು.)

ಇನ್ನು ಮುಂದೆ ಹಗಲೆಲ್ಲ ಮಗ್ಗದ ಸದ್ದೊಂದನ್ನೇ ಕೇಳಿ ನಿನಗೆ ಹುಚ್ಚು ಹಿಡಿಯಬಾರದೆಂದು ಇದರೊಡನೆ ಒಂದು ಮೆಮೊರಿ ಕಾರ್ಡ್ ಇಟ್ಟಿದ್ದೇನೆ. ನಿಮ್ಮನೆಯ ಸ್ಪೀಕರ್ ಡಬ್ಬಿಗೆ ಹಾಕಿದರೆ ತಾನೇ ಮಾತಾಡುತ್ತದೆ. ಒಂದು ಪುಸ್ತಕ ಆರ್ಥಿಕ ಸಮಸ್ಯೆಗಳ ಬಗ್ಗೆ; ಒಬ್ಬ ಮೇಡಂ ಓದುತ್ತಾರೆ, ಪಕ್ಕಾ ವಾರ್ತೆಯ ಗತ್ತು. ಬೆಲೆ ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ, ದುಡಿಯೋನಿಗೆ ಯಾಕೆ ದಕ್ಕಲ್ಲ, ಹೀಗೆ ಹದಿನೈದು ಅಧ್ಯಾಯ. ಇನ್ನೊಂದು ಕಾದಂಬರಿ, ಹದಿನಾಲ್ಕು ಅಧ್ಯಾಯ. ಒಬ್ಬ ರೈಲ್ವೆ ಗಾರ್ಡ್ ಹಸಿರು ಬಾವುಟ ಬೀಸಿದರೆ ಅವನ ಬೋಗಿ ನೂರು ಇನ್ನೂರು ವರ್ಷ ಹಿಂದಕ್ಕೆ ಓಡುತ್ತದೆ. ಅವನು ಅಲ್ಲಿ ಏನಾದರೊಂದನ್ನು ತಿರುಚಿ ವಾಪಸ್ ಬರುವಷ್ಟರಲ್ಲಿ ನಮ್ಮ ಚರಿತ್ರೆಯೇ ಬೇರೆಯಾಗಿರುತ್ತದೆ. ನಾನಂತೂ ಮೈಕ್ ಆಫ್ ಮಾಡಿಕೊಂಡು ಒಂದೇ ದಿನ ಐದು ಅಧ್ಯಾಯ ಕೇಳಿದೆ ಕಣಕ್ಕ! ಮೈ ಜುಮ್ ಅಂದುಬಿಟ್ಟಿತು.

ಕವರನ್ನು ಕಂಡಕ್ಟರ್ ತಿಪ್ಪೇರುದ್ರನ ಕೈಗೆ ಕೊಟ್ಟಿದ್ದೇನೆ. ಉತ್ತರವನ್ನೂ ಅವನಿಗೇ ಕೊಡತಕ್ಕದ್ದು.

ತಮ್ಮ ವಿಧೇಯ ತಮ್ಮ,
ಗೋವರ್ಧನ


ಮೊಳಕಾಲ್ಮೂರು
13 ಜನವರಿ 2025

ಲೋ ಗೋವರ್ಧನ,

ನಿನ್ನ ಕಾರ್ಡ್ ಹಾಕಿ ವಾರವಾಯಿತು. ಮನೆಯಲ್ಲಿ ಏನಾಗಿದೆ ಅಂತ ಹೇಳಿದರೆ ನೀನು ಕುರ್ಚಿಯಿಂದ ಬೀಳುತ್ತೀಯ, ಗಟ್ಟಿಯಾಗಿ ಹಿಡಿದುಕೋ.

ಮೊದಲ ದಿನ ಅಪ್ಪ, "ಅದೇನು ಕಿವಿ ಹತ್ರ ವಟವಟ, ಆಫ್ ಮಾಡಮ್ಮ" ಅಂದರು. ನಾನು ಮಾಡಲಿಲ್ಲ. ಎರಡನೇ ದಿನ ಮೇಡಂ, "ಬೇಡಿಕೆ ಕುಸಿದಾಗ ಬೆಲೆ ಇಳಿಸಬೇಕಾಗುತ್ತದೆ" ಅಂದರು ನೋಡು, ಅಪ್ಪ ಲಾಳಿ ನಿಲ್ಲಿಸಿ ಸ್ಪೀಕರ್ ಕಡೆ ತಿರುಗಿ, "ಯಾಕ್ ಇಳಿಸ್ಲಿ? ನೀನು ಒಂದಿನ ಈ ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಕಂಡು ಕೂತಿದ್ದೀಯೇನಮ್ಮ?" ಅಂತ ಕೇಳಿದರು. ಮೂರನೇ ದಿನದಿಂದ ಬೆಳಿಗ್ಗೆ ಅವರೇ ಬಂದು ಸ್ವಿಚ್ ಒತ್ತುತ್ತಿದ್ದಾರೆ.

ಇದಕ್ಕಿಂತ ದೊಡ್ಡದು ಇನ್ನೊಂದು ಇದೆ. ಎರಡು ಪುಸ್ತಕದ ಅಧ್ಯಾಯಗಳಿಗೂ ನೀನು ಒಂದು, ಎರಡು, ಮೂರು ಅಂತ ನಂಬರ್ ಹಾಕಿದ್ದೀಯ. ಈ ಡಬ್ಬಿ ನಂಬರ್ ನೋಡಿ ಹಾಡುತ್ತದೆ. ಮೇಡಮ್ಮಿನ ಒಂದನೇದು ಮುಗಿದ ಕೂಡಲೇ ಗಾರ್ಡಿನ ಒಂದನೇದು, ಆಮೇಲೆ ಮೇಡಮ್ಮಿನ ಎರಡು, ಗಾರ್ಡಿನ ಎರಡು. ಅಪ್ಪ ಅದನ್ನೆಲ್ಲ ಒಂದೇ ಪುಸ್ತಕ ಅಂದುಕೊಂಡಿದ್ದಾರೆ. ಮೇಡಂ ಸಮಸ್ಯೆ ಹೇಳುತ್ತಾರಂತೆ. ಗಾರ್ಡ್ ಹಳೇ ಕಾಲಕ್ಕೆ ಹೋಗಿ ಅದನ್ನು ಸರಿ ಮಾಡಿ ಬರುತ್ತಾನಂತೆ.

ಲಾಳಿಯ ಕಂಡಿಕೆಗೆ ನೂಲು ಸುತ್ತಲು ಬರುವ ಪಕ್ಕದ ಮನೆ ದುರುಗಕ್ಕ, "ಅಬ್ಬೋ, ರೈಲು ಹಿಂದಿನ ಕಾಲಕ್ಕೆ ಹೋಗುತ್ತೇನಣ್ಣ?" ಅಂದಳು. ಅದಕ್ಕೆ ಅಪ್ಪ: "ಅಂಕಿ ಅಂಶ ಕೊಟ್ಟು ಮಾತಾಡೋರು ಸುಳ್ಳು ಹೇಳ್ತಾರೇನೆ? ರೈಲು ಹೋಯ್ತೋ ಬಿಟ್ಟಿತೋ, ಅಲ್ಲಿ ನಡೆದಿದ್ದು ಮಾತ್ರ ದಿಟ."

ನಾನು ತಿದ್ದಲಿಲ್ಲ. ಅವರು ಇಷ್ಟು ಮಾತಾಡಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಸೌಂದರ್ಯ


ಚಳ್ಳಕೆರೆ
14 ಜನವರಿ 2025

ಅಕ್ಕಾ! ಅಕ್ಕಾ! ಅಕ್ಕಾ!

ಸರ್ಕಾರಿ ಶೈಲಿಯನ್ನು ಇವತ್ತಿನ ಮಟ್ಟಿಗೆ ಅಮಾನತ್ತಿನಲ್ಲಿ ಇಡಲಾಗಿದೆ. ಸಂಕ್ರಾಂತಿ ಎಳ್ಳು ಬಾಯಲ್ಲಿಟ್ಟುಕೊಂಡು ನಿನ್ನ ಕಾಗದ ಓದಿ, ನಕ್ಕು, ಎಳ್ಳೆಲ್ಲ ಮೈಕಿನ ಮೇಲೆ ಹಾರಿ, ಇಡೀ ನಿಲ್ದಾಣಕ್ಕೆ ನನ್ನ ಕೆಮ್ಮು ಕೇಳಿಸಿದೆ.

ದೊಡ್ಡಪ್ಪನ ಪುಸ್ತಕ ನಾನು ಕೇಳಿದ ಎರಡು ಪುಸ್ತಕಗಳಿಗಿಂತ ಚೆನ್ನಾಗಿದೆ! ನಾನೂ ಈಗಷ್ಟೇ ಹಾಗೇ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ನಿಜವಾಗಿಯೂ ಕೂಡುತ್ತದೆ ಅಕ್ಕ. ಮೇಡಂ ದಲ್ಲಾಳಿಗಳ ಬಗ್ಗೆ ಹೇಳಿ ಮುಗಿಸುತ್ತಾರೆ, ಗಾರ್ಡ್ ಹೋಗಿ ಹಳೇ ಸಂತೆಯೊಂದರಲ್ಲಿ ಇಳಿಯುತ್ತಾನೆ. ಯಾರೋ ಬೇಕೆಂದೇ ಹೊಲಿದ ಹಾಗಿದೆ.

ತಿದ್ದಬೇಡ. ಆಣೆ ಇಟ್ಟು ಹೇಳುತ್ತಿದ್ದೇನೆ, ತಿದ್ದಬೇಡ. ದಿನದಿನದ ವರದಿ ಬೇಕು.

ಗೋವರ್ಧನ


ಮೊಳಕಾಲ್ಮೂರು
20 ಜನವರಿ 2025

ಗೋವಿ,

ವರದಿ ಬೇಕು ಅಂದೆಯಲ್ಲ, ತಗೋ.

ಪುಸ್ತಕ ಮುಗಿಯಿತು. ಮನೆಯಲ್ಲಿ ಮಾತ್ರ ಜಗಳ. ಮೇಡಮ್ಮಿನ ಹದಿನೈದನೇ ಅಧ್ಯಾಯ ಇದೆಯಲ್ಲ, ಕೈಕಸುಬಿನವರು ಮಾಡಿದ್ದನ್ನೇ ಮಾಡುತ್ತಾ ಕೂತರೆ ಯಂತ್ರದ ಮುಂದೆ ನಿಲ್ಲುವುದು ಹೇಗೆ ಅನ್ನುವುದು? ಅದು ಪ್ರಶ್ನೆ ಕೇಳಿ ನಿಂತುಬಿಡುತ್ತದೆ. ಅದರ ಹಿಂದೆ ಗಾರ್ಡ್ ಬರುವುದಿಲ್ಲ. ಅವನದು ಹದಿನಾಲ್ಕಕ್ಕೇ ಮುಗಿಯಿತಲ್ಲ.

ಅಪ್ಪ ಅರ್ಧ ದಿನ ಕಾದರು. ಡಬ್ಬಿಯನ್ನು ಎರಡು ಸಲ ತಟ್ಟಿದರು. "ಎಲ್ಲರ ಸಮಸ್ಯೆಗೂ ಓಡಿ ಹೋದ, ನಮ್ಮದು ಬಂದಾಗ ಎಲ್ಲಿ ಸತ್ತ ಇವನು?" ಅಂದರು. ನಗು ಬಂತು, ಆದರೆ ಅವರು ನಗುತ್ತಿರಲಿಲ್ಲ ಕಣೋ.

ರಾಂಪುರದ ಶಿವಬಸಮ್ಮನವರು ಮಗಳು ದಾಕ್ಷಾಯಿಣಿಯ ಮದುವೆಗೆ ಮುಹೂರ್ತದ ಸೀರೆ ಹೇಳಿದ್ದಾರೆ. ಮಗ್ಗಕ್ಕೆ ಹಾಸಿನ ಎಳೆ ಹೂಡಿ ಆಗಿದೆ. ನವಿಲಿನ ಅಂಚು, ಎಂದಿನಂತೆ. ಅಪ್ಪ ಶುರು ಮಾಡದೆ ಜಗುಲಿಯ ಮೇಲೆ ಕೂತಿದ್ದಾರೆ.

ಸೌಂದರ್ಯ


ಚಳ್ಳಕೆರೆ
23 ಜನವರಿ 2025

ವಿಷಯ: ಬಿಟ್ಟುಹೋದ ಅಧ್ಯಾಯದ ಬಗ್ಗೆ. ಅತಿ ಜರೂರು.

ಮಾನ್ಯರೇ,

ಈ ಕಚೇರಿಯು ಕೂಲಂಕಷ ತನಿಖೆ ನಡೆಸಿದಾಗ ಕಂಡುಬಂದದ್ದೇನೆಂದರೆ, ಗಾರ್ಡಿನ ಹದಿನೈದನೇ ಅಧ್ಯಾಯವೂ ಇದ್ದು, ಇಳಿಸಿಕೊಳ್ಳುವಾಗ ಕೈತಪ್ಪಿ ಬಿಟ್ಟುಹೋಗಿರುತ್ತದೆ. ಸದರಿ ಅಧ್ಯಾಯವನ್ನು ಹೊಸ ಕಾರ್ಡಿನಲ್ಲಿ ಲಗತ್ತಿಸಿದೆ. ಓದುವವರ ಗಂಟಲು ಸ್ವಲ್ಪ ಬೇರೆಯಾಗಿ ಕೇಳಿಸಬಹುದು. ಅವರಿಗೆ ನೆಗಡಿಯಾಗಿತ್ತೆಂದು ವಿಶ್ವಸನೀಯ ಮೂಲಗಳು ತಿಳಿಸಿವೆ.

ದೊಡ್ಡಪ್ಪನವರಿಗೆ ಮೇಡಮ್ಮಿನ ಪ್ರಶ್ನೆಯ ಹಿಂದೆಯೇ ಕೇಳಿಸತಕ್ಕದ್ದು. ಅವರ ಮುಖ ಹೇಗಾಯಿತೆಂದು ಅಕ್ಷರಶಃ ಬರೆಯತಕ್ಕದ್ದು. ಈ ಬಗ್ಗೆ ಯಾವುದೇ ಪ್ರಶ್ನೆಗಳನ್ನು ಸ್ವೀಕರಿಸಲಾಗುವುದಿಲ್ಲ.

ಗೋವರ್ಧನ


ಮೊಳಕಾಲ್ಮೂರು
27 ಜನವರಿ 2025

ಗೋವಿ,

ಕಾರ್ಡ್ ತಲುಪಿತು. ಅಪ್ಪ ಎರಡು ಸಲ ಕೇಳಿದರು.

ಚಳ್ಳಕೆರೆಯಲ್ಲಿ ದೊಡ್ಡ ಗ್ರಾಫ್ ಹಾಳೆ ಸಿಕ್ಕರೆ ಐದು ಕಳಿಸು. ಸಣ್ಣ ಚೌಕದ್ದು. ಮಡಿಚಬೇಡ, ಸುತ್ತಿ ಕಳಿಸು.

ಸೌಂದರ್ಯ


ಚಳ್ಳಕೆರೆ
28 ಜನವರಿ 2025

ಅಕ್ಕ,

ಹಾಳೆ ಕಳಿಸಿದ್ದೇನೆ. ದುರುಗಕ್ಕನ ಮೊಮ್ಮಗನ ಶಾಲೆಗೆ ತಾನೆ? ಮಳೆ ಲೆಕ್ಕದ ಗೆರೆ ಎಳೆಯಲು ಅವನಿಗೆ ಐದು ಹಾಳೆ ಯಾಕೆ, ನಮ್ಮ ತಾಲೂಕಿನ ಮಳೆಗೆ ಅರ್ಧ ಹಾಳೆ ಸಾಕು.

ಆದರೆ ಇದೇನು ನಿನ್ನ ಕಾಗದ? ತಂತಿ ಕಳಿಸಿದ ಹಾಗೆ! ಎರಡು ಸಲ ಕೇಳಿದರಂತೆ. ಕೇಳಿ ಏನಂದರು? ಗಾರ್ಡ್ ಶೇಂಗಾ ಮೂಟೆ ಹೊತ್ತುಕೊಂಡು ಮುನ್ನೂರು ವರ್ಷ ಹಿಂದಿನ ಚಳ್ಳಕೆರೆಯಲ್ಲಿ ಇಳಿಯುವಾಗ ನಕ್ಕರಾ? ಶೇಂಗಾನೇ ಕಾಣದ ಜನ ಅದನ್ನು ಬಿತ್ತಿ, ಗಾಣ ಕಟ್ಟಿ, ಎಣ್ಣೆ ದೊರೆಗಳಾಗುತ್ತಾರಲ್ಲ, ಆಗ? ಆ ಋಣಕ್ಕೆ ಮೊಳಕಾಲ್ಮೂರಿನ ನೇಕಾರನೊಬ್ಬ ಪಾಳೇಗಾರನ ಮಗಳ ಮದುವೆಗೆ ಜೋಡಿ ಬೀಜದ ಶೇಂಗಾ ಕಾಯಿಯ ಅಂಚು ನೇಯ್ದು, ಆಮೇಲೆ ಆ ಅಂಚಿಲ್ಲದೆ ಈ ಸೀಮೆಯಲ್ಲಿ ಮದುವೆಯೇ ಇಲ್ಲವೆಂಬಂತಾಗುತ್ತದಲ್ಲ, ಆಗಲಾದರೂ? ಓದಿದವರ ಧ್ವನಿ ಹೇಗಿತ್ತು? ಗಂಭೀರವಾಗಿತ್ತಾ?

ಸುಮ್ಮನೆ ಕೇಳಿದೆ. ನನಗೇನೂ ಆಗಬೇಕಾಗಿಲ್ಲ.

ಗೋವರ್ಧನ


ಮೊಳಕಾಲ್ಮೂರು
9 ಫೆಬ್ರವರಿ 2025

ಗೋವಿ,

ನಿಧಾನವಾಗಿ ಬರೆಯಲು ಪುರುಸೊತ್ತು ಇರಲಿಲ್ಲ. ಮಗ್ಗದ ಮೇಲೆ ಶಿವಬಸಮ್ಮನವರ ಸೀರೆ ಓಡುತ್ತಿದೆ. ಎರಡು ಮೊಳ ಆಗಿದೆ. ಅಂಚು ನವಿಲಲ್ಲ. ಶೇಂಗಾ.

ಹದಿನೈದನೇ ಅಧ್ಯಾಯ ಕೇಳಿದ ದಿನ ಅಪ್ಪ ಊಟ ಮಾಡದೆ ಕೂತಿದ್ದರು. ಮಾರನೇ ದಿನ ಕೇರಿಯ ಹಿರಿಯರನ್ನೆಲ್ಲ ವಿಚಾರಿಸಿ ಬಂದರು: ಇಂಥ ಅಂಚು ಯಾರಾದರೂ ಕಂಡಿದ್ದೀರಾ ಅಂತ. ಒಬ್ಬರಿಗೂ ಗೊತ್ತಿಲ್ಲ. ಅಪ್ಪ ಕುಣಿಯುವುದೊಂದು ಬಾಕಿ. "ನೋಡ್ದೇನಮ್ಮ! ಕೊನೇಲಿ ಗಾರ್ಡ್ ಇನ್ನೊಂದು ಸಲ ಬಾವುಟ ಬೀಸಿದ್ನಲ್ಲ, ಆಗ ಎಲ್ಲರ ನೆನಪಿಂದ ಅಳಿಸಿ ಹೋಗೈತೆ. ಯಾರಿಗೂ ಗೊತ್ತಿಲ್ಲ ಅನ್ನೋದೇ ಸಾಕ್ಷಿ!"

ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು, ಅದರಂತೆ ಮಗ್ಗದ ಮೇಲೆ ಅಂಚಿನ ಚಿತ್ರ ಎತ್ತುವ ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆಸಿ ಕಟ್ಟಿಯಾಯಿತು. ಮದುವೆ ಮಾರ್ಚ್ ಹದಿನಾರಕ್ಕೆ. ಶಿವಬಸಮ್ಮನವರಿಗೆ ಇನ್ನೂ ತಿಳಿಸಿಲ್ಲ. "ಬಂದಾಗ ಚರಿತ್ರೆ ಸಮೇತ ಹೇಳ್ತೀನಿ" ಅನ್ನುತ್ತಾರೆ ಅಪ್ಪ.

ಸೌಂದರ್ಯ


ಚಳ್ಳಕೆರೆ
10 ಫೆಬ್ರವರಿ 2025

ಅಕ್ಕ, ನಿಲ್ಲಿಸು. ಮಗ್ಗ ನಿಲ್ಲಿಸು.

ಆ ಅಧ್ಯಾಯ ಇಲ್ಲ. ಯಾವ ಪುಸ್ತಕದಲ್ಲೂ ಇಲ್ಲ. ನಾನೇ ಬರೆದೆ, ನಾನೇ ಓದಿದೆ. ನಿಲ್ದಾಣದ ಕೋಣೆಯ ಕಿಟಕಿ ಮುಚ್ಚಿ, ತಲೆ ಮೇಲೆ ಕಂಬಳಿ ಹೊದ್ದು, ಮಧ್ಯಾಹ್ನ ಬಸ್ಸು ಕಡಿಮೆ ಇರುವ ಹೊತ್ತಿನಲ್ಲಿ. ಕಿಟಕಿಯಾಚೆ ಎಣ್ಣೆ ಗಿರಣಿಗೆ ಹೋಗುವ ಶೇಂಗಾ ಲಾರಿ ನಿಂತಿತ್ತು, ಅದನ್ನು ನೋಡಿ ಶೇಂಗಾ ಅಂತ ಹಾಕಿದೆ. ಈರುಳ್ಳಿ ಲಾರಿ ನಿಂತಿದ್ದರೆ ದೊಡ್ಡಪ್ಪ ಈಗ ಈರುಳ್ಳಿ ನೇಯುತ್ತಿದ್ದರು! ಚೇಷ್ಟೆಗೆ ಮಾಡಿದ್ದು ಕಣಕ್ಕ. ಜಗುಲಿಯ ಮೇಲೆ ಸಪ್ಪಗೆ ಕೂತಿದ್ದಾರೆ ಅಂದೆಯಲ್ಲ, ಎದ್ದು ನಗಲಿ ಅಂತ ಅಷ್ಟೇ. ಅವರು ನಂಬಿ ಕೇರಿಯೆಲ್ಲ ಸುತ್ತುತ್ತಾರೆ ಅಂತ ನನಗೇನು ಗೊತ್ತು?

ನೀನು ಎತ್ತಬಹುದು ಅಂತ ದೊಡ್ಡಪ್ಪನ ಫೋನಿಗೆ ಮೂರು ಸಲ ಮಾಡಿದೆ. ಮೂರು ಸಲವೂ ದೊಡ್ಡಪ್ಪನೇ ಎತ್ತಿದರು. ಧೈರ್ಯ ಬರಲಿಲ್ಲ. ಮೂರು ಸಲವೂ "ಶೇಂಗಾ ರೇಟು ಏರೈತೆ ದೊಡ್ಡಪ್ಪ" ಅಂದು ಇಟ್ಟೆ. ಅವರು ಮೂರನೇ ಸಲ, "ಏರಲೇಬೇಕಲ್ಲಪ್ಪ" ಅಂತ ಸಂತೋಷಪಟ್ಟರು. ನನಗೆ ಅಳು ಬಂತು.

ಶಿವಬಸಮ್ಮನವರು ಬೇಡ ಅಂದರೆ? ಹೋದ ರೇಷ್ಮೆ ಹೋಯಿತು, ಹೋದ ದಿನ ಹೋಯಿತು, ಬೊಮ್ಮಲಿಂಗಪ್ಪ ಮದುವೆ ಸೀರೆಗೆ ಶೇಂಗಾ ನೇಯ್ದ ಅಂತ ಊರು ನಗುತ್ತದೆ. ದೊಡ್ಡಪ್ಪನ ಹೆಸರು ಹೋದರೆ ನಾನು ಯಾವ ರೈಲು ಹತ್ತಿ ಯಾವ ಕಾಲಕ್ಕೆ ಹೋಗಿ ಸರಿ ಮಾಡಲಿ?

ಇದರೊಳಗೆ ಇನ್ನೊಂದು ಚೀಟಿ ಇದೆ, ದೊಡ್ಡಪ್ಪನ ಹೆಸರಿಗೆ. ಎಲ್ಲ ಒಪ್ಪಿಕೊಂಡಿದ್ದೇನೆ. ಇವತ್ತೇ ಕೊಡು.

ಗೋವರ್ಧನ


ಚಳ್ಳಕೆರೆ
18 ಫೆಬ್ರವರಿ 2025

ಅಕ್ಕ,

ಎಂಟು ದಿನವಾಯಿತು. ತಿಪ್ಪೇರುದ್ರನನ್ನು ದಿನಾ ಕೇಳುತ್ತೇನೆ. ಇವತ್ತು ಅವನು, "ಲೇ, ನಿಮ್ಮಕ್ಕ ಕವರ್ ಇಸ್ಕಂಡು ಒಳಗ್ ಹೋಗ್ತಾಳೆ, ಮಗ್ಗದ ಸದ್ದು ಮಾತ್ರ ನಿಲ್ಲಂಗಿಲ್ಲ, ನಾನೇನ್ ಮಾಡ್ಲಿ?" ಅಂದ.

ನಿಂತಿಲ್ಲವಾ? ಚೀಟಿ ಕೊಟ್ಟೆಯಾ? ದೊಡ್ಡಪ್ಪ ಸಿಟ್ಟಿಗೆ ನವಿಲು ನೇಯುತ್ತಿದ್ದಾರಾ, ಅಥವಾ ಇನ್ನೂ ಶೇಂಗಾನಾ? ಬೈದಾದರೂ ಬರಿ. ನಿನ್ನೆ ಬಳ್ಳಾರಿ ಬಸ್ಸನ್ನು ಬೆಂಗಳೂರು ಬಸ್ಸು ಅಂತ ಕೂಗಿ, ಒಬ್ಬ ಅಜ್ಜಿ ಗಂಟುಮೂಟೆ ಸಮೇತ ಹತ್ತಿ ಕೂತು, ಇಳಿಸುವಷ್ಟರಲ್ಲಿ ನನ್ನ ಪೂರ್ವಜರನ್ನೆಲ್ಲ ನೆನೆಸಿಕೊಂಡಳು.

ಗೋವರ್ಧನ


ಮೊಳಕಾಲ್ಮೂರು
3 ಮಾರ್ಚ್ 2025

ಗೋವಿ,

ಈಗ ಎಲ್ಲ ಹೇಳುತ್ತೇನೆ. ಮೊದಲು ನಿನ್ನ ಅಹಂಕಾರ ಇಳಿಸಿಬಿಡುತ್ತೇನೆ. ನೀನೇ ಅಂತ ನನಗೆ ಮೊದಲ ನಿಮಿಷದಲ್ಲೇ ಗೊತ್ತಾಯಿತು. ಗಾರ್ಡ್ ಬೋಗಿಗೆ ಜನರನ್ನು ಹತ್ತಿಸುವಾಗ, "ಬೇಗ ಬೇಗ ಹತ್ಕಳಿ, ಸೀಟು ಐತೆ, ಸೀಟು ಐತೆ" ಅಂತ ಓದಿದ್ದೀಯಲ್ಲೋ. ಯಾವ ದೇಶದ ರೈಲ್ವೆಯಲ್ಲಿ ಹಾಗೆ ಕೂಗುತ್ತಾರೆ?

ಗೊತ್ತಾಗಿಯೂ ಸುಮ್ಮನಿದ್ದೆ. ಯಾಕೆ ಅಂದರೆ, ರೇಷನ್ ಪುಸ್ತಕದ ಹಿಂದೆ, ಕ್ಯಾಲೆಂಡರಿನ ಬೆನ್ನಿಗೆ, ಆರು ವರ್ಷದಿಂದ ನಾನು ಹೊಸ ಅಂಚುಗಳನ್ನು ಬರೆಯುತ್ತಿದ್ದೇನೆ. ಹುಣಸೆ ಕಾಯಿ, ಕುರಿ ಕೊಂಬು, ಏನೇನೋ. ತೋರಿಸಿದಾಗಲೆಲ್ಲ ಅಪ್ಪನದು ಒಂದೇ ಮಾತು: "ನಮ್ಮ ತಾತನ ಕಾಲದಲ್ಲಿ ಇತ್ತೇನಮ್ಮ ಇದು?" ಇರಲಿಲ್ಲ. ಅಲ್ಲಿಗೆ ಮುಗಿಯಿತು. ನಿನ್ನ ಸುಳ್ಳು ಆ ಒಂದು ಪ್ರಶ್ನೆಗೆ "ಇತ್ತು" ಅಂದುಬಿಟ್ಟಿತು. ಅಪ್ಪ ಗ್ರಾಫ್ ಹಾಳೆ ನನ್ನ ಮುಂದಿಟ್ಟು, "ನೀನೇ ಬರಿಯಮ್ಮ, ನಿನ್ನ ಕೈ ನೆಟ್ಟಗೈತೆ" ಅಂದಾಗ ನಾನು ಯಾವ ಬಾಯಲ್ಲಿ ನಿಜ ಹೇಳಲಿ? ಐದು ದಿನ ಬರೆದೆ. ಒಂದೊಂದು ಕಾಯಿಯ ಸೊಂಟದಲ್ಲೂ ಒಂದು ಸುಕ್ಕು ಇಟ್ಟೆ. ಅದು ನೀನು ಓದಿದ್ದಲ್ಲ, ನನ್ನದು.

ನಿನ್ನ ಚೀಟಿಯನ್ನು ಮಗ್ಗದ ಅಚ್ಚುಮಣೆಯ ಸಂದಿಯಲ್ಲಿ ಇಟ್ಟಿದ್ದೆ. ದಿನಾ ನಾಳೆ ಕೊಡೋಣ ಅನ್ನುತ್ತಿದ್ದೆ. ಸೀರೆ ಉದ್ದವಾಗುತ್ತಿತ್ತು, ನನ್ನ ಬಾಯಿ ಕಟ್ಟುತ್ತಿತ್ತು. ಮೊನ್ನೆ ಸೀರೆ ಮಗ್ಗದಿಂದ ಇಳಿಯಿತು. ನಿನ್ನೆ ಶಿವಬಸಮ್ಮನವರು ಸೀರೆ ನೋಡಲು ಬರುವವರಿದ್ದರು. ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಗಾರ್ಡಿನ ಕಥೆಯನ್ನು ಮೊದಲಿಂದ ಒಪ್ಪಿಸಿ ನೋಡಿಕೊಳ್ಳುತ್ತಿದ್ದರು, ಶಾಲೆ ಮಕ್ಕಳ ಹಾಗೆ. ಅದನ್ನು ನೋಡಲಾಗಲಿಲ್ಲ. ಬಂದವರ ಮುಂದೆ ಅವರು ನಗೆಪಾಟಲಾಗುವುದಕ್ಕಿಂತ ನನ್ನ ಮುಂದೆ ಸಿಟ್ಟಾಗಲಿ ಅಂತ ಚೀಟಿ ತೆಗೆದು ಓದಿದೆ. ನಿನ್ನದು ಮುಗಿದ ಮೇಲೆ ನನ್ನದನ್ನೂ ಹೇಳಿದೆ.

ಅಪ್ಪ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದರು. ಸೀರೆ ಬಿಚ್ಚಿ ಅಂಚಿನ ಮೇಲೆ ಬೆರಳು ಓಡಿಸಿದರು. ಅಷ್ಟರಲ್ಲಿ ಬಾಗಿಲಿಗೆ ಕಾರು ಬಂತು.

ಶಿವಬಸಮ್ಮನವರು ಮಗಳ ಜೊತೆ ಬಂದು ಕೂತ ಕೂಡಲೇ ಸೆರಗು ಎಳೆದು ನೋಡಿದರು. ಮುಖ ಸಿಂಡರಿಸಿಕೊಂಡರು. "ಏನ್ ಬೊಮ್ಮಲಿಂಗಪ್ಪ ಇದು? ನವಿಲು ಅಂತ ಹೇಳಿದ್ದು ನಾನು. ಇದೇನಪ್ಪ, ಬಡವರ ಬಾದಾಮಿ? ನಮ್ಮದು ಶೇಂಗಾ ವ್ಯಾಪಾರ ಅಂತ ಮಗಳ ಸೆರಗಲ್ಲೂ ಮೂಟೆ ಕಟ್ಟಿ ಕಳಿಸ್ಬೇಕಾ? ಬೀಗರು ಏನಂದ್ಕಂತಾರೆ?"

ಈಗ ಗಾರ್ಡ್ ಬರುತ್ತಾನೆ ಅಂದುಕೊಂಡೆ. ಅಪ್ಪನಿಗೆ ಕಥೆ ಬಾಯಿಪಾಠವಾಗಿತ್ತಲ್ಲ. ಹೇಳಿದ್ದರೆ ಅವರು ನಂಬುತ್ತಿದ್ದರೋ ಏನೋ.

ಅಪ್ಪ ಕೈ ಮುಗಿದರು. "ತಪ್ಪು ನಂದೇ ಅಮ್ಮಾರೆ. ಹಳೇ ಕಾಲದಾಗೆ ಇಂಥ ಅಂಚು ಇತ್ತು ಅಂತ ನಂಬಿ ನೇಯ್ದೆ. ಇರಲಿಲ್ಲವಂತೆ, ಈಗ ಗೊತ್ತಾಯ್ತು. ನಮ್ಮ ಚಳ್ಳಕೆರೆ ಹುಡುಗ ಕಟ್ಟಿದ ಕಥೆ. ಚಿತ್ರ ಬರೆದೋಳು ನನ್ನ ಮಗಳು. ನೇಯ್ಗೇಲಿ ಒಂದು ಎಳೆ ಸುಳ್ಳಿಲ್ಲ. ಬ್ಯಾಡ ಅಂದ್ರೆ ಬಲವಂತ ಇಲ್ಲ. ಹಗಲೂ ರಾತ್ರಿ ಕೂತು ನವಿಲು ಇಳಿಸಿಕೊಡ್ತೀವಿ."

ಶಿವಬಸಮ್ಮನವರು ಬಾಯಿ ತೆರೆದರು. ದಾಕ್ಷಾಯಿಣಿ ನಡುವೆ ಬಂದಳು.

"ಹಳೇ ಕಾಲದಾಗೆ ಇರಲಿಲ್ಲ ಅಂದ್ರೆ, ಇದನ್ನ ಯಾರೂ ಉಟ್ಟಿಲ್ವಾ?"

"ಯಾರೂ ಇಲ್ಲ ತಾಯಿ."

"ಒಬ್ಬರೂ?"

"ಒಬ್ಬರೂ ಇಲ್ಲ."

"ಹಂಗಾದ್ರೆ ಮೊದಲು ಉಡೋಳು ನಾನು!" ಅಂತ ಸೀರೆ ಎತ್ತಿ ಭುಜದ ಮೇಲೆ ಹಾಕಿಕೊಂಡಳು ನೋಡು ಗೋವಿ, ಕೆಂಪು ಮೈ, ಹಸಿರು ಅಂಚು, ಅದರ ಮೇಲೆ ಜರಿಯ ಕಾಯಿಗಳು ಸಾಲಾಗಿ ಮಿಂಚಿದವು. ನಾನೇ ಬರೆದದ್ದು ಅಂತ ನನಗೇ ನಂಬಿಕೆ ಬರಲಿಲ್ಲ.

"ಮುಹೂರ್ತಕ್ಕೆ ನವಿಲು ಕಣೆ" ಅಂದರು ತಾಯಿ.

"ನವಿಲು ನಿಂದೂ ಐತೆ, ಅಕ್ಕಂದೂ ಐತೆ, ಅತ್ತಿಗೇದೂ ಐತೆ. ಮೂರು ನವಿಲಿನ ಪಕ್ಕ ನಾಲ್ಕನೇದಾಗಿ ನಿಂತ್ರೆ ಮದುಮಗಳು ಯಾರು ಅಂತ ಬೀಗರು ನಿನ್ನ ಕೇಳ್ಬೇಕಾಗುತ್ತೆ ಅವ್ವ."

ದುರುಗಕ್ಕ ಒಳಗಿನಿಂದ ಕಿಸಕ್ ಅಂದಳು. ಶಿವಬಸಮ್ಮನವರು ವ್ಯಾಪಾರಕ್ಕೆ ಇಳಿದರು. "ಆಯ್ತು. ಆದ್ರೆ ಹೇಳಿದ್ದು ಬಿಟ್ಟು ಬೇರೆ ನೇಯ್ದಿದ್ದೀಯ. ಕಡಿಮೆ ಮಾಡ್ಕೋಬೇಕಪ್ಪ."

ಆಗ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಮೇಡಮ್ಮಿನ ಗತ್ತು ಅವರ ಗಂಟಲಿಗೆ ಎಲ್ಲಿಂದ ಬಂತೋ. "ಆರನೇ ಅಧ್ಯಾಯ ಕೇಳಿದ್ದೀರಾ ಅಮ್ಮಾರೆ? ಬಹಳ ಇರೋ ವಸ್ತುವಿಗೆ ಚೌಕಾಸಿ. ಒಂದೇ ಒಂದು ಇದ್ದರೆ ಅದಕ್ಕೆ ಚೌಕಾಸಿ ಇಲ್ಲ."

ಆಡಿದ ಬೆಲೆಗೇ ತೆಗೆದುಕೊಂಡು ಹೋದರು ಕಣೋ! ಹೋಗುವಾಗ ದಾಕ್ಷಾಯಿಣಿ ನನ್ನ ಕೈ ಹಿಡಿದು, "ನನ್ನ ಮದುವೆ ಆಗೋ ತನಕ ಇನ್ನೊಬ್ಬರಿಗೆ ನೇಯ್ಬ್ಯಾಡಕ್ಕ" ಅಂದಳು. ಇವತ್ತು ಬೆಳಿಗ್ಗೆ ಅಪ್ಪ ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಕೇಳಿ ಇಸಿದುಕೊಂಡು, ಜಗುಲಿಯ ಬಿಸಿಲಿನಲ್ಲಿ ಹರಡಿ, ಕನ್ನಡಕ ಹಾಕಿ ನೋಡುತ್ತಿದ್ದಾರೆ. ತಾತನ ಹೆಸರು ಈವರೆಗೆ ಎತ್ತಿಲ್ಲ.

ಅಪ್ಪನಿಗೆ ನಿನ್ನ ಮೇಲೆ ಸಿಟ್ಟಿದೆ, ಇಲ್ಲ ಅನ್ನುವುದಿಲ್ಲ. ಅದು ನೀನು ಅಂದುಕೊಂಡ ಕಾರಣಕ್ಕಲ್ಲ. ಅವರು ಹೇಳಿದ್ದನ್ನು ಅಕ್ಷರಶಃ ಬರೆಯುತ್ತಿದ್ದೇನೆ: "ಗೇಣುದ್ದ ಅಂಚಿಗೆ ಹದಿನೆಂಟು ಕಾಯಿ ಕೂರುತ್ತವೆ ಅಂತ ಹೇಳಿದ್ನಲ್ಲ ಆ ಗಾರ್ಡು, ಹನ್ನೆರಡರ ಮೇಲೆ ಒಂದು ಕೂರಲಿಲ್ಲ, ನನ್ನ ಎರಡು ದಿನ ಹಾಳಾಯ್ತು. ಸುಳ್ಳು ಹೇಳೋನು ಒಂದು ಸಲ ಮಗ್ಗದ ಮುಂದೆ ಬಂದು ಕೂತು ಎಣಿಸ್ಕಂಡು ಹೋಗಿ ಹೇಳಬೇಕು ಅಂತ ಬರಿ."

ಸೌಂದರ್ಯ